ಉಕ್ಕಡದಲ್ಲಿ ಬೀಸಿದ ಹುರಿಹಿಟ್ಟು

ಹಂಗಳದ ಚಿಕ್ಕಮಲ್ಲಮ್ಮ ತನ್ನ ನಲವತ್ತೆರಡು ವರ್ಷದಲ್ಲಿ ಮಾಡಿದ್ದ ದೂರದ ಪ್ರಯಾಣ ಒಂದೇ. ಮದುವೆಯಾದ ವರ್ಷ ಸಂತೆಮರಹಳ್ಳಿಯ ತೌರಿನಿಂದ ಗಂಡನ ಮನೆಗೆ ಎತ್ತಿನ ಗಾಡಿಯಲ್ಲಿ ಬಂದದ್ದು. ಅವಳ ಗಂಡ ಶಾಂತಮಲ್ಲಪ್ಪನವರು ಹಾಗಲ್ಲ, ಮೈಸೂರನ್ನು ಏಳು ಸಲ ನೋಡಿದವರು. ಊರಿನಲ್ಲಿ ಯಾರು ಎಲ್ಲಿಗೆ ಹೊರಟರೂ ಜಗಲಿಯ ಮೇಲೆ ಕೂರಿಸಿಕೊಂಡು, ತಾವು ಕಂಡಿಲ್ಲದ ಊರಿಗೂ ದಾರಿ ಹೇಳಿ ಕಳಿಸುತ್ತಿದ್ದರು.

೧೯೫೧ರಲ್ಲಿ ಒಂದು ದಿನ ಕಲ್ಲಿಕೋಟೆಯಿಂದ ಕಾರ್ಡು ಬಂತು. ಅಲ್ಲಿ ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದ ಅಳಿಯ ಬರೆದಿದ್ದ. ಬಾಣಂತನಕ್ಕೆ ತೌರಿಗೆ ಬರಬೇಕಾಗಿದ್ದ ಮಗಳು ಯಶೋದ ಎಂಟನೇ ತಿಂಗಳಿಗೇ ಹೆತ್ತಿದ್ದಳು. ಕೂಸು ಉಳಿದಿದೆ, ಆದರೆ ಎದೆಹಾಲು ಸಾಲದು. ಅಲ್ಲಿಯ ಕುಸುಬಲಕ್ಕಿ ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿಲ್ಲ. ರಾಗಿ ಹುಡುಕಿದರೂ ಸಿಗುತ್ತಿಲ್ಲ.

"ನಾಳೆ ಹೊರಡನ," ಎಂದಳು ಚಿಕ್ಕಮಲ್ಲಮ್ಮ.

"ಘಾಟಿ ಇಳೀಬೇಕು ಕಣಮ್ಮಿ. ಬೀದಿ ತುಂಬ ಮೀನಿನ ವಾಸ್ನೆ. ಭಾಷೆ ಬ್ಯಾರೆ. ನಿಂಗಾಗಕಿಲ್ಲ."

"ನಿಮ್ಗಾಗ್ದಿದ್ರೆ ಮನೇಲಿರಿ. ದನ ನೋಡ್ಕೊಳಿ."

ಮೈಸೂರನ್ನು ಏಳು ಸಲ ನೋಡಿದವರು ಹಾಗೆ ಉಳಿಯುವುದುಂಟೆ? ಮಾರನೆಯ ಬೆಳಿಗ್ಗೆ ಕೋಟು ತೊಟ್ಟು ಕೊಡೆ ಹಿಡಿದು ಹೊರಬಂದರು. ಗಾಡಿಯಲ್ಲಿ ಐದು ಸೇರು ರಾಗಿಯ ಗಂಟಿನ ಪಕ್ಕ ಬೀಸುವ ಕಲ್ಲು ಕೂತಿತ್ತು.

"ಇದ್ಯಾಕೆ? ಅಲ್ಲಿ ಬೀಸೋ ಕಲ್ಲಿರಕಿಲ್ವಾ?"

"ರಾಗಿ ಕಾಣ್ದೋರ ಮನೇಲಿ ರಾಗಿಕಲ್ಲು ಯಾಕಿದ್ದದು? ಬಾಣಂತಿಗೆ ಅಂದಂದು ಬೀಸಿದ ಹಿಟ್ಟೇ ಆಗ್ಬೇಕು."

ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದ ಮೇಲೆ ಚಿಕ್ಕಮಲ್ಲಮ್ಮ ಒಂದು ಕೈಯಲ್ಲಿ ಕೊರಳಿನ ಲಿಂಗವನ್ನೂ ಇನ್ನೊಂದರಲ್ಲಿ ಮುಂದಿನ ಸೀಟಿನ ಕಂಬಿಯನ್ನೂ ಹಿಡಿದು ಕಣ್ಣು ಮುಚ್ಚಿದಳು. ವಾಂತಿ ಮಾಡಿಕೊಂಡರೆ ಗಂಡ ವಾಪಸ್ ಕರೆದುಕೊಂಡು ಹೋಗುತ್ತಾರೆಂದು ಹಲ್ಲು ಕಚ್ಚಿದ್ದಳು. ಶಾಂತಮಲ್ಲಪ್ಪನವರು ತಾವು ಎಂದೂ ಇಳಿಯದ ಘಾಟಿಯ ತಿರುವುಗಳನ್ನು ಪಕ್ಕದವನಿಗೆ ವರ್ಣಿಸುತ್ತಿದ್ದರು.

ಕಾಡಿನೊಳಗೆ ಗಡಿಯ ಉಕ್ಕಡದಲ್ಲಿ, ಸಾಮಾನು ತಪಾಸಣೆಯ ಚೌಕಿಯಲ್ಲಿ, ಬಸ್ಸು ನಿಂತಿತು. ಇಸ್ತ್ರಿ ಮುರಿಯದ ಖಾಕಿಯ ಕಾವಲುಗಾರ ಲಿಂಗಯ್ಯ ಬಸ್ಸಿನೊಳಗೆ ಬಂದು ರಾಗಿಯ ಗಂಟನ್ನು ಹಿಚುಕಿ ನೋಡಿದ. ಅದು ರೇಷನ್ನಿನ ಕಾಲ. ಪರ್ಮಿಟ್ಟಿಲ್ಲದೆ ಧಾನ್ಯ ಗಡಿ ದಾಟುವಂತಿರಲಿಲ್ಲ.

ಶಾಂತಮಲ್ಲಪ್ಪನವರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಗಡಿಯವನಿಗೆ ಕನ್ನಡ ಬಾರದೆಂದು ತಮಗೆ ತಿಳಿದ ತಮಿಳಿನಲ್ಲಿ ಒಂದು ಭಾಷಣ ಮಾಡಿದರು.

"ಯಜಮಾನ್ರೆ, ನಾನು ಬದನಗುಪ್ಪೆಯವ್ನು," ಎಂದ ಲಿಂಗಯ್ಯ. "ಕನ್ನಡದಲ್ಲೇ ಹೇಳಿ. ಹೇಳಿದ್ರೂ ರಾಗಿ ದಾಟಕಿಲ್ಲ."

"ರಾಗಿ ಬುಟ್ಟು ನಾನು ಹೋಗಕಿಲ್ಲ," ಎಂದು ಚಿಕ್ಕಮಲ್ಲಮ್ಮ ಇಳಿದಳು. ಗಂಟು ಇಳಿಯಿತು, ಕಲ್ಲು ಇಳಿಯಿತು, ಕೊನೆಗೆ ಶಾಂತಮಲ್ಲಪ್ಪನವರೂ ಇಳಿದರು. ಬಸ್ಸು ಹೊರಟುಹೋಯಿತು. ಮುಂದಿನದು ನಾಲ್ಕು ಗಂಟೆಗೆ.

"ಎದುರು ಬಸ್ಸು ಬಂದ್ರೆ ವಾಪಸ್ ಹೋಗನ," ಎಂದರು ಅವರು. "ಆನೆ ಓಡಾಡೋ ಜಾಗ ಇದು."

ಅವಳು ಲಿಂಗಯ್ಯನ ಕಡೆ ತಿರುಗಿದಳು. "ಮಗ, ದಾರಿ ಬುತ್ತಿ ತಗೊಂಡೋಗ್ಬೋದಾ?"

"ಬುತ್ತಿಗ್ಯಾರು ಬ್ಯಾಡ ಅಂದರು?" ಎಂದ ಲಿಂಗಯ್ಯ. "ಬೇಯ್ಸಿದ್ದು, ಹುರ್ದಿದ್ದು ಏನಾರ ಒಯ್ಯಿ. ಕಾಳು ಕೂಡ್ದು."

"ಹಂಗಾದ್ರೆ ನಿನ್ನ ಒಲೆ, ಬಾಣಲೆ ಕೊಡು."

ಬಾಣಲೆಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು. ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಒರೆಸಿ, ಹಿಡಿ ಹಿಡಿಯಾಗಿ ಹುರಿದಳು. ಕಾಳು ಚಟಚಟನೆ ಅರಳಿ ಮಲ್ಲಿಗೆಯ ಮೊಗ್ಗಿನ ಹಾಗೆ ಬೆಳ್ಳಗಾಯಿತು. ಸೌದೆ ಒಟ್ಟುವ ಕೆಲಸ ಯಾವಾಗ ತನ್ನದಾಯಿತೆಂದು ಲಿಂಗಯ್ಯನಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಎರಡು ಗಂಟೆಯಾದರೂ ಬೀಸುವುದು ಅರ್ಧಕ್ಕೂ ಬಂದಿರಲಿಲ್ಲ. ಅವಳ ತೋಳು ಸೋತಿತ್ತು.

"ಬನ್ನಿ," ಎಂದಳು ಗಂಡನಿಗೆ.

"ಎಲ್ಲಿಗೆ?"

"ಕಲ್ಲಿನ ಆ ಕಡೀಕೆ."

"ನಾನಾ? ಜನ ನೋಡಿದ್ರೆ?"

"ಆನೆ ನೋಡ್ತದೆ. ನೋಡ್ಲಿ ಬುಡಿ. ಕೂಸು ಹಸ್ಕೊಂಡದೆ."

ಶಾಂತಮಲ್ಲಪ್ಪನವರು ಕಾಡಿನ ಕಡೆಗೊಮ್ಮೆ, ರಸ್ತೆಯ ಕಡೆಗೊಮ್ಮೆ ನೋಡಿದರು. ಕೋಟು ಬಿಚ್ಚಿ ಕೊಡೆಗೆ ತೂಗುಹಾಕಿ, ಹೆಂಡತಿಯ ಎದುರು ಕಾಲು ಚಾಚಿ ಕೂತು ಗೂಟ ಹಿಡಿದರು. ಮೊದಲು ಕಲ್ಲನ್ನು ಅವರು ಒಂದು ಕಡೆಗೆ, ಅವಳು ಇನ್ನೊಂದು ಕಡೆಗೆ ಎಳೆದರು. ಕಾಲು ಗಂಟೆಯ ಮೇಲೆ ಕಲ್ಲು ತಿರುಗತೊಡಗಿತು.

ನಾಲ್ಕು ಗಂಟೆಯ ಬಸ್ಸು ಬರುವ ಹೊತ್ತಿಗೆ ಹಿಟ್ಟು ಮತ್ತೆ ಗಂಟಾಗಿತ್ತು. ಲಿಂಗಯ್ಯನಿಗೆ ಆಗ ತನ್ನ ಖಾಕಿಯ ನೆನಪಾಯಿತು.

"ಅವ್ವ, ಇಷ್ಟೂ ಬುತ್ತಿಯಾ? ಕಲ್ಲಿಕೋಟೆ ಒಂದೇ ದಿನದ ದಾರಿ."

"ನಮ್ಮ ಯಜಮಾನ್ರ ಊಟ ನೀನು ನೋಡಿಲ್ಲ ಕಣಪ್ಪ."

ಲಿಂಗಯ್ಯ ಯಜಮಾನರ ಹೊಟ್ಟೆಯನ್ನು ಅಳೆಯುವವನ ಹಾಗೆ ನೋಡಿದ. ಶಾಂತಮಲ್ಲಪ್ಪನವರು ಬೇರೆ ದಿನವಾಗಿದ್ದರೆ ಇದಕ್ಕೆ ಒಂದು ಪಂಚಾಯಿತಿಯನ್ನೇ ಸೇರಿಸುತ್ತಿದ್ದರು. ಈಗ ಒಂದು ಹಿಡಿ ಒಣ ಹಿಟ್ಟು ಬಾಯಿಗೆ ಹಾಕಿಕೊಂಡರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಇನ್ನೊಂದು ಹಿಡಿ ಹಾಕಿಕೊಂಡರು.

"ಸಾಕು ಬುಡಿ ಯಜಮಾನ್ರೆ," ಎಂದು ಲಿಂಗಯ್ಯ ತಾನೇ ಕಲ್ಲನ್ನೆತ್ತಿ ಬಸ್ಸಿಗಿಟ್ಟ.

ಘಾಟಿಯಲ್ಲಿ ಚಿಕ್ಕಮಲ್ಲಮ್ಮ ವಾಂತಿ ಮಾಡಿಕೊಂಡಳು. ಇನ್ನು ವಾಪಸ್ ಕರೆದೊಯ್ಯುವ ಬಸ್ಸಿಲ್ಲವೆಂದು ಧಾರಾಳವಾಗಿಯೇ ಮಾಡಿಕೊಂಡಳು. ಕಲ್ಲಿಕೋಟೆಯಲ್ಲಿ ಮೂಗಿಗೆ ಸೆರಗು ಹಿಡಿದು ಮೀನಿನ ಬೀದಿ ದಾಟಿದಳು. ಹುರಿಹಿಟ್ಟಿಗೆ ಬಿಸಿಹಾಲು, ಬೆಲ್ಲ ಕಲಸಿ ಮಗಳ ಕೈಗಿಟ್ಟಳು. ಯಶೋದ ಮೊದಲ ತುತ್ತಿಗೇ ಅತ್ತಳು, ಅಳುತ್ತಲೇ ಬಟ್ಟಲು ಖಾಲಿ ಮಾಡಿದಳು. ಐದನೆಯ ದಿನ ಕೂಸು ಹಾಲು ಕುಡಿದು ತೃಪ್ತಿಯಾಗಿ ನಿದ್ದೆ ಹೋಯಿತು.

ಅಂದೇ ಶಾಂತಮಲ್ಲಪ್ಪನವರು ಊರಿನಲ್ಲಿದ್ದ ತಮ್ಮನಿಗೆ ಕಾರ್ಡು ಬರೆದರು. ಪ್ರಯಾಣ ಸುಖಕರ. ಗಡಿಯಲ್ಲಿ ಅಧಿಕಾರಿಗಳೊಂದಿಗೆ ಮಾತಾಡಿ ರಾಗಿ ದಾಟಿಸಿದೆ. ಕೈಬರಹ ಸೊಟ್ಟಗಿರುವುದಕ್ಕೆ ಇಲ್ಲಿಯ ಸಮುದ್ರದ ಗಾಳಿಯೇ ಕಾರಣ.

ಅವರ ಅಂಗೈಯ ಬೊಬ್ಬೆಗಳು ಮಾಯಲು ಇನ್ನೊಂದು ವಾರ ಬೇಕಾಯಿತು.