ಕಿಟಕಿ ತೆಗೆಯುವ ತಿಪ್ಪೇಶಣ್ಣ

ಯಾರ ಮನೆಗೆ ಹೋದರೂ ತಿಪ್ಪೇಶಣ್ಣ ಮೊದಲು ಕಿಟಕಿ ತೆಗೆಯುತ್ತಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದು, 'ಕೂಡ್ರಿ' ಎಂದವರ ಕಡೆ ಒಮ್ಮೆ ನಕ್ಕು, ನೇರ ಕಿಟಕಿಗೆ ಹೋಗುವುದು. ಚಿಲಕ ಬಿಗಿಯಾಗಿದ್ದರೆ ಅಂಗೈಯಿಂದ ಗುದ್ದಿ ತೆಗೆಯುವುದು. ಕೂರುವುದು ಆಮೇಲೆಯೇ. ಹೆಣ್ಣು ನೋಡಲು ಹೋದ ಮನೆಯಲ್ಲೂ ಹೀಗೇ ಮಾಡಿದನಂತೆ. ಆ ಸಂಬಂಧ ಕೂಡಿಬರಲಿಲ್ಲ.

ನಾನು ದಾವಣಗೆರೆಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದಾಗ ಅವನು ನಮ್ಮ ಲ್ಯಾಬಿನ ಹಿರಿಯ ವಿದ್ಯಾರ್ಥಿ. ಕುಕ್ಕುವಾಡದವನು. ಅವನ ಪಿಎಚ್.ಡಿ. ವಿಷಯ ರೇಡಾನ್ ಎಂಬ ಅನಿಲ. ಅದು ನೆಲದಿಂದ, ಕಲ್ಲಿನಿಂದ ಸದಾ ಹೊರಬರುತ್ತಿರುತ್ತದೆ. ಬಯಲಲ್ಲಿ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೇಡು. "ವಾಸ್ನೆ ಇಲ್ಲ, ಬಣ್ಣ ಇಲ್ಲ. ಮನಿಯಾಗ ಬಂದು ಕುಂತೈತೆ ಅಂತ ನಾಯಿಗೂ ಗೊತ್ತಾಗಲ್ಲ ತಂಗಿ," ಎನ್ನುತ್ತಿದ್ದ, ದನಿ ಏರಿಸದೆ. ಮೊದಲ ಸಲ ಅದನ್ನು ಕೇಳಿದ ಮೇಲೆ ನನ್ನ ಹಾಸ್ಟೆಲ್ ಕೋಣೆಯ ಗೋಡೆಗಳ ಮೇಲೇ ನನಗೆ ಅನುಮಾನ ಹುಟ್ಟಿತು.

ಮನೆಮನೆಯ ಸೂರಿಗೆ ಅವನು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೂಗುಹಾಕುತ್ತಿದ್ದ. ಒಳಗೆ ಉಗುರಗಲದ ಫಿಲ್ಮ್ ಚೂರು. ಮೂರು ತಿಂಗಳ ನಂತರ ಬಿಚ್ಚಿ ತಂದು, ಬಿಸಿ ಕ್ಷಾರದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ರೇಡಾನ್ ಕೊರೆದ ತೂತುಗಳು ಕಾಣುತ್ತವೆ. ಅವನ್ನು ಎಣಿಸುವುದೇ ಅವನ ಕೆಲಸ. ಅವಧಿಗೆ ಒಂದು ದಿನ ಮುಂಚೆಯೂ ಡಬ್ಬಿ ಮುಟ್ಟುವ ಆಸಾಮಿಯಲ್ಲ, ಅಷ್ಟು ಹಟಮಾರಿ.

ಕೊಂಡಜ್ಜಿಯಲ್ಲಿ ಒಂದು ಮನೆಯ ಅಜ್ಜಿ, ಡಬ್ಬಿ ತೂಗುಹಾಕಿದ ಕೆಲವೇ ವಾರಗಳಲ್ಲಿ ತೀರಿಕೊಂಡಳು. ವಯಸ್ಸಾಗಿತ್ತು. ಅವಧಿ ಮುಗಿದು ನಾವಿಬ್ಬರೂ ಹೋದಾಗ ಆ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅಜ್ಜಿಯ ಮಗ ಡಬ್ಬಿಯನ್ನು ಕೈಯಿಂದ ಮುಟ್ಟದೆ ಮೊರದಲ್ಲಿಟ್ಟು ತಂದು ಬೀದಿಯ ಮಧ್ಯೆ ಇಳಿಸಿದ.

"ತಗಂಡ್ ಹೋಗ್ರಿ ಸಾರ್. ಇನ್ನೊಂದ್ಸಲ ಬರಬ್ಯಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತ್ತು. ತಿಪ್ಪೇಶಣ್ಣ ಬೈಕ್ ಹತ್ತುವಾಗ ಹೇಳಿದ್ದು ಇಷ್ಟೇ: "ಹೆದರಿದ್ದು ಸರಿ ಐತೆ ತಂಗಿ. ಡಬ್ಬಿಗೆ ಹೆದರಿದ್ರು, ಅಷ್ಟೇ ತಪ್ಪು."

ಮರುವರ್ಷ ಹೆರಿಗೆಯಾಗಿ ನಾನು ಹರಿಹರದ ತವರಿನಲ್ಲಿದ್ದೆ. ಬಾಣಂತಿ ಕೋಣೆಯೆಂದರೆ ಗೊತ್ತಲ್ಲ: ಗ್ರಾನೈಟ್ ನೆಲ, ಮುಚ್ಚಿದ ಕಿಟಕಿ, ಸಂದುಗಳಿಗೆ ತುರುಕಿದ ಹಳೇ ಸೀರೆ, ಕೆಂಡದ ಮೇಲೆ ಲೋಬಾನದ ಹೊಗೆ. ಮಗು ನೋಡಲು ಬಂದ ತಿಪ್ಪೇಶಣ್ಣನ ಕೈ ಅಭ್ಯಾಸದಂತೆ ಚಿಲಕಕ್ಕೆ ಹೋಯಿತು. ಅಮ್ಮ ಅಡ್ಡ ನಿಂತಳು. "ಬ್ಯಾಡಪ್ಪ, ಹಸಿ ಮೈ ಐತೆ. ಕೂಸಿಗೆ ಗಾಳಿ ಸೋಕಿದ್ರೆ ನೋಡಾಕೆ ನೀನು ಬರ್ತೀಯೇನು?"

ಅವನು ಕೈ ಹಿಂದೆ ತೆಗೆದ. ನೆಲ ನೋಡಿದ, ಕಿಟಕಿ ನೋಡಿದ. ತೊಟ್ಟಿಲಿನ ಮೇಲೆ ಒಂದು ಡಬ್ಬಿ ತೂಗುಹಾಕಿ ಹೊರಟುಹೋದ.

ಒಂದು ದಿನ ಮುಂಚೆಯೂ ಡಬ್ಬಿ ಮುಟ್ಟದವನು ತಿಂಗಳಿಗೇ ಬಂದು ಅದನ್ನು ಬಿಚ್ಚಿಕೊಂಡು ಹೋದ. ಎರಡು ದಿನ ಬಿಟ್ಟು ಮತ್ತೆ ಬಂದ. "ಎಷ್ಟು ಬಂತಣ್ಣ?" ಎಂದೆ.

"ಬ್ಯಾರೆ ಮನಿಯಾಗ ಮೂರ್ ತಿಂಗ್ಳಿಗೆ ಆಗೋ ತೂತು ಇಲ್ಲಿ ಒಂದೇ ತಿಂಗ್ಳಿಗೆ ಆಗೈತೆ," ಎಂದವನು ಅಮ್ಮನ ಹತ್ತಿರ ಕಾಫಿ ಕೇಳಿದ. ಅಮ್ಮ ಅಡುಗೆಮನೆಗೆ ಹೋದದ್ದೇ ತಡ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಕಿಟಕಿಯ ಎರಡೂ ಬಾಗಿಲು ಬಿಚ್ಚಿದ. "ರಿಪೇರಿ ಮಾಡಿಸ್ಕಂಡ್ ಬರ್ತೀನ್ರಿ ಅಮ್ಮಾರೆ," ಎಂದು ಬಗಲಲ್ಲಿ ಅವುಚಿಕೊಂಡು ನಡೆದೇಬಿಟ್ಟ. ಮರಳಿ ತರಲೇ ಇಲ್ಲ. ಅಮ್ಮ ವಾರಗಟ್ಟಲೆ ಬೈದಳು. ನನ್ನ ಮಗಳು ಗಾಳಿಯಲ್ಲಿ ಬೆಳೆದಳು.

ಅವನ ಸ್ವಂತ ಕೋಣೆಯನ್ನು ನಾನು ನೋಡಿದ್ದು ಒಂದೇ ಸಲ, ಕೆಮ್ಮು ಹತ್ತಿ ಅವನು ಲ್ಯಾಬಿಗೆ ಬರುವುದು ನಿಂತಾಗ. ಸರಸ್ವತಿ ನಗರದಲ್ಲಿ, ರಸ್ತೆಗಿಂತ ತಗ್ಗಿನಲ್ಲಿ, ಕಲ್ಲು ಚಪ್ಪಡಿ ಹಾಸಿದ ಒಂಟಿ ಕೋಣೆ. ಓದಲು ಬಂದಾಗಿನಿಂದ ಅಲ್ಲೇ ಇದ್ದ. ಪಕ್ಕದ ಮನೆಗೆ ಮಹಡಿ ಎದ್ದಾಗ, ಇದ್ದ ಒಂದು ಕಿಟಕಿಗೂ ಇಟ್ಟಿಗೆ ಕಟ್ಟಿದ್ದರು. ಹಗಲಲ್ಲೂ ಬಲ್ಬು ಉರಿಯುತ್ತಿತ್ತು. ನಾನು ಸೂರು ನೋಡಿದೆ, ಡಬ್ಬಿ ಇರಲಿಲ್ಲ.

"ಇಲ್ಲಿ ಯಾಕ ಹಾಕಿಲ್ಲಣ್ಣ?"

ಕೆಮ್ಮು ನಿಂತ ಮೇಲೆ ನಕ್ಕ. "ಹಾಕಿದ್ರೆ ಎಣಿಸ್ಬೇಕಾಗ್ತೈತೆ ತಂಗಿ."

"ಬ್ಯಾರೆ ರೂಮ್ ನೋಡು."

"ಥೀಸಿಸ್ ಮುಗೀಲಿ, ನೋಡಾಣ."

ಥೀಸಿಸ್ ಮುಗಿಯಲಿಲ್ಲ. ಬೀಡಿ ಸಿಗರೇಟು ಮುಟ್ಟದವನ ಶ್ವಾಸಕೋಶದಲ್ಲಿ ಗಡ್ಡೆ ಬೆಳೆದಿತ್ತು. ಕುಕ್ಕುವಾಡದಲ್ಲಿ ಅವನನ್ನು ಮಣ್ಣು ಮಾಡಿದರು. ಆ ಕೋಣೆಯಿಂದಲೇ ಹೀಗಾಯಿತು ಎನ್ನಲು ಆಧಾರವಿಲ್ಲ. ಒಬ್ಬನನ್ನು ನೋಡಿ ಹಾಗೆ ಹೇಳಬಾರದೆಂದು ಈಗ ನಾನೇ ಪಾಠ ಮಾಡುತ್ತೇನೆ. ಆದರೂ ಅವನ ಮೇಲಿನ ಕೋಪ ನನಗೆ ಇಳಿದಿಲ್ಲ. ನಮ್ಮ ತವರಿನ ಕಿಟಕಿ ಬಾಗಿಲುಗಳು ಇವತ್ತಿಗೂ ಲ್ಯಾಬಿನ ಮೂಲೆಯಲ್ಲಿವೆ.

ಕಳೆದ ವಾರ ಅವನಿದ್ದ ಆ ಕೋಣೆಯ ಮುಂದೆ ಹಾದುಹೋಗುವಾಗ ಹೊರಗಿನ ತಂತಿಯ ಮೇಲೆ ಕೂಸಿನ ಬಟ್ಟೆಗಳು ಒಣಗುತ್ತಿದ್ದವು. ಮರುದಿನ ಚೀಲದಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಹೋಗಿ ಬಾಗಿಲು ತಟ್ಟಿದೆ. ಕಿವಿ ಮುಚ್ಚುವಂತೆ ಸ್ಕಾರ್ಫ್ ಕಟ್ಟಿದ ಸಣ್ಣ ಪ್ರಾಯದ ಬಾಣಂತಿಯೊಬ್ಬಳು ಬಾಗಿಲನ್ನು ಸಂದಿಯಷ್ಟೇ ತೆರೆದಳು.

"ಜಲ್ದಿ ಒಳಗ ಬರ್ರಿ ಅಕ್ಕ. ಕೂಸಿಗೆ ಗಾಳಿ ಸೋಕ್ತೈತೆ."

ನಾನು ಒಳಗಾದೆ. ಅವಳು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ನನ್ನ ಕೈ ಇಟ್ಟಿಗೆ ಕಟ್ಟಿದ ಕಿಟಕಿಯ ಕಡೆ ಹೋಯಿತು.