ಮರಿ ಕಾಯುತ್ತಿದ್ದ ಕೊರವ

ಕ್ಯಾತನಹಳ್ಳಿಯ ಕರಿಯಯ್ಯನವರು ಕೆರೆಯ ನೀರುಗಂಟಿ. ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ಮೀನು ಹಿಡಿಯುವುದನ್ನು ಹವ್ಯಾಸವೆಂದರೆ ಒಪ್ಪುವುದಿಲ್ಲ; ಅದನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತಾರೆ. ಜಿಲೇಬಿ ಮೀನಿಗೆ ಎರೆಹುಳು, ಗೆಂಡೆಗೆ ರಾಗಿ ಮುದ್ದೆಯ ಚೂರು, ಕೊರವಕ್ಕೆ ಮಾತ್ರ ಜೀವಂತ ಕಪ್ಪೆ. ಕೊರವ ಬೇಟೆಯಾಡಿ ತಿನ್ನುವ ಮೀನು, ಅಲುಗಾಡದ್ದನ್ನು ಮುಟ್ಟುವುದು ಕಡಿಮೆ. ಒಂಬತ್ತು ವರ್ಷಗಳಿಂದ ಭಾನುವಾರಗಳಂದು ಅವರ ಪಕ್ಕದಲ್ಲಿ ಕುಳಿತು, ಊರಿನ ಶಾಲೆಯ ಮೇಷ್ಟ್ರಾದ ನಾನು ಇಂಥವನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಅಷ್ಟು ವರ್ಷಗಳಲ್ಲಿ ಅವರ ಒಂದು ನಿಯಮ ಮಾತ್ರ ಬದಲಾಗಿರಲಿಲ್ಲ. ಮರಿಗಳನ್ನು ಕಾಯುತ್ತ ಜೊತೆಗಿರುವ ಕೊರವದತ್ತ ಅವರು ಗಾಳ ಬೀಸುತ್ತಿರಲಿಲ್ಲ.

ಕಳೆದ ಜುಲೈನಲ್ಲಿ ಅವರ ಮಗಳು ಹೇಮಶ್ರೀ ಹೆರಿಗೆಯಾಗಿ ತವರಿನಲ್ಲಿದ್ದಳು. ಆಪರೇಷನ್ ಮಾಡಿ ಮಗುವನ್ನು ತೆಗೆದಿದ್ದರು. ಹೊಲಿಗೆ ಇನ್ನೂ ಒಣಗಿರಲಿಲ್ಲ. ಗಾಯ ಮಾಯಲು ಕೊರವದ ಸಾರು ಉಣ್ಣಿಸಬೇಕೆಂಬುದು ಇಲ್ಲಿನ ಮನೆಗಳ ನಂಬಿಕೆ. ಪಾಂಡವಪುರದ ಮಾರುಕಟ್ಟೆಯಿಂದ ತರುವುದಾಗಿ ಕರಿಯಯ್ಯನವರು ಹೇಳಿದಾಗ ಅವರ ಹೆಂಡತಿ ಮಾಯಮ್ಮ ಒಪ್ಪಲಿಲ್ಲ.

“ಐಸ್‌ನಾಗೆ ಮಲಗಿದ್ದ ಮೀನ್ನ ಬಾಣಂತಿಗೆ ಇಕ್ತೀಯಾ? ಮೂವತ್ ವರ್ಸ ಕೆರೆ ಕಾದೋನು, ಒಂದ್ ಕೊರವ ತರಕ್ಕಾಗಕ್ಕಿಲ್ವಾ?”

ಮೂರು ದಿನ ಕುಳಿತರೂ ಒಂದೂ ಬೀಳಲಿಲ್ಲ. ಹೊಸ ಮಳೆಯ ಕೆಮ್ಮಣ್ಣು ಸೇರಿ ನೀರು ರಾಡಿಯಾಗಿತ್ತು. ಗಾಳಕ್ಕೆ ಸಿಕ್ಕಿಸಿದ ಕಪ್ಪೆ ಒಂದೆಡೆ ಮುದುಡಿ ಕೂತರೆ ಮೀನಿಗೆ ಕಾಣುವಂತಿರಲಿಲ್ಲ. ಮಗಳ ಜ್ವರ ನೂರು ದಾಟಿದೆಯೆಂದು ಮೂರನೆಯ ಸಂಜೆ ಅವರು ತಗ್ಗಿದ ದನಿಯಲ್ಲಿ ಹೇಳಿದರು. ಡಾಕ್ಟರು ಮಾತ್ರೆ ಬದಲಿಸಿದ್ದರು. ಮಾಯಮ್ಮನಿಗೆ ಮಾತ್ರೆಗಿಂತ ಮೀನಿನ ಮೇಲೆಯೇ ಭರವಸೆ.

ಮರುದಿನ ನಾನು ಮೈಸೂರಿನಿಂದ ತಂದಿಟ್ಟಿದ್ದ ಕೃತಕ ಎರೆಗಳ ಡಬ್ಬಿ ತೆಗೆದುಕೊಂಡು ಹೋದೆ. ಹಿಂದೆ ಅವರು ಅದನ್ನು ನೋಡಿ, ಮಕ್ಕಳ ಆಟದ ಸಾಮಾನು ಎಂದು ನಕ್ಕಿದ್ದುಂಟು. ಅಂದು ನಗದೆ ಒಂದೊಂದನ್ನೂ ಬೆರಳಿನಿಂದ ತಿರುಗಿಸಿ ನೋಡಿದರು. ಹೊಳೆಯುವ ತಗಡಿನದು ಜೊಂಡಿಗೆ ಸಿಕ್ಕಿಕೊಳ್ಳುತ್ತದೆಂದು ಬದಿಗಿಟ್ಟರು. ಪ್ಲಾಸ್ಟಿಕ್ ಮೀನಿನ ಹೊಟ್ಟೆಯಡಿ ಜೋತಾಡುವ ಕೊಕ್ಕೆಗಳನ್ನು ಕಂಡು, ತಾವರೆಯ ದಂಟು ಹಿಡಿಯಲು ಇದು ಸರಿ ಎಂದರು. ಕೊನೆಗೆ ಉಳಿದದ್ದು ಕಪ್ಪು ರಬ್ಬರಿನ ಕಪ್ಪೆ. ಅದರ ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಎಲೆಗಳ ಮೇಲೆ ಜಾರಿ ಬರುತ್ತದೆ, ಎಳೆದಾಗ ಕಾಲುಗಳು ನೀರನ್ನು ಬಡಿಯುತ್ತವೆ. ರಾಡಿಯಲ್ಲಿ ಕಣ್ಣಿಗಿಂತ ಸದ್ದೇ ಮೀನನ್ನು ಕರೆಯುತ್ತದೆಂಬ ಅವರ ತೀರ್ಮಾನವನ್ನು ಆ ದಿನದ ಪುಟದಲ್ಲಿ ಬರೆದಿದ್ದೇನೆ.

ಒಂದು ಗಂಟೆ ಬೀಸಿದರೂ ಫಲ ಸಿಗಲಿಲ್ಲ. ಆಗ ತೂಬಿನ ಎಡಕ್ಕೆ, ಮೊಣಕಾಲುದ್ದದ ನೀರಿನಲ್ಲಿ, ಅಂಗೈಯಗಲ ಕೆಂಪು ಮೂಡಿ ನೂರಾರು ಚುಕ್ಕಿಗಳಾಗಿ ಕದಲಿತು. ಕೊರವದ ಮರಿಗಳು ಉಸಿರಿಗಾಗಿ ಮೇಲೆ ಬಂದಿದ್ದವು. ಅವುಗಳ ಅಡಿಯಲ್ಲಿ ಮೊಳದುದ್ದದ ಕಪ್ಪು ನೆರಳೊಂದು ತಿರುಗಿತು.

“ಈಗ ಏನ್ ಆಕುದ್ರೂ ಕಚ್ತದೆ ಮೇಷ್ಟ್ರೆ. ಅಸುವಿಗಲ್ಲ, ಕ್ವಾಪಕ್ಕೆ,” ಎಂದರು ಕರಿಯಯ್ಯ.

ಅವರು ಮರಿಗಳ ಆಚೆಗೆ ಕಪ್ಪೆಯನ್ನು ಎಸೆದು ಅವುಗಳ ನಡುವೆಯೇ ಎಳೆದರು. ಎರಡನೆಯ ಎಳೆತಕ್ಕೆ ನೀರು ಒಡೆಯಿತು.

ಮೀನು ಒಂದೂವರೆ ಕೆಜಿಗೆ ಸ್ವಲ್ಪ ಕಡಿಮೆಯಿತ್ತು. ಹಿತ್ತಲಿನಲ್ಲಿ ಅದನ್ನು ಸೀಳಿದ ಮಾಯಮ್ಮ, ಹೊಟ್ಟೆಯೊಳಗೆ ಏನೂ ಇಲ್ಲ, ಎಷ್ಟು ದಿನದಿಂದ ಉಪವಾಸವಿತ್ತೋ ಎಂದರು. ಹೇಮಶ್ರೀ ಎರಡು ಹೊತ್ತು ಸಾರು ಉಂಡಳು. ಕರಿಯಯ್ಯನವರು ಬರೀ ಮಜ್ಜಿಗೆ ಕಲಸಿಕೊಂಡು ಉಂಡೆದ್ದರು.

ಜ್ವರ ಎರಡು ದಿನಗಳಲ್ಲಿ ಇಳಿಯಿತು. ಮಾತ್ರೆಯಿಂದಲೋ ಸಾರಿನಿಂದಲೋ ನಾನು ಹೇಳಲಾರೆ. ಮೂರನೆಯ ಬೆಳಿಗ್ಗೆ ನಾನು ಕೆರೆಗೆ ಹೋದಾಗ ಕರಿಯಯ್ಯನವರು ತೂಬಿನ ಬಳಿ ಹೆಂಟೆಗಳನ್ನು ಗುಡ್ಡೆ ಹಾಕಿಕೊಂಡು ಕುಳಿತಿದ್ದರು. ಗಾಳ ತಂದಿರಲಿಲ್ಲ. ಮರಿಗಳನ್ನು ಹೆಕ್ಕಲು ನೀರುಕಾಗೆಗಳು ಇಳಿದಾಗಲೆಲ್ಲ ಒಂದು ಹೆಂಟೆ ಎಸೆಯುತ್ತಿದ್ದರು. ಮರಿ ಕಾಯುವ ಜೋಡಿಯಲ್ಲಿ ಉಳಿದ ಇನ್ನೊಂದು ಮೀನೂ ಕಾಣಿಸಿಲ್ಲವಂತೆ. ಅಂಗೈಯಗಲವಿದ್ದ ಕೆಂಪು ಈಗ ಎರಡು ಬೆರಳಿನಷ್ಟಾಗಿತ್ತು.

ಏರಿಯ ಮೇಲೆ ಸೈಕಲ್ಲಿನಲ್ಲಿ ಚಿಕ್ಕಸ್ವಾಮಿ ಬಂದ. ಹಿಂದಿನ ವರ್ಷ ಮರಿಗಳ ಮೇಲೆ ಗಾಳ ಬೀಸಿದ್ದಕ್ಕೆ ಕರಿಯಯ್ಯನವರು ಅವನ ಬಿದಿರುಕಡ್ಡಿಯನ್ನು ಊರವರೆದುರೇ ಮುರಿದಿದ್ದರು.

“ಏನ್ ಕರಿಯಣ್ಣ, ಕಾಗೆ ಓಡ್ಸೋ ಕೆಲ್ಸಾನೂ ಸರ್ಕಾರ ಕೊಟ್ಬುಡ್ತಾ?”

ಏನಾದರೊಂದು ಹೇಳಿ ಕಳಿಸಬಹುದಿತ್ತು. ನಡೆದದ್ದು ನಮ್ಮಿಬ್ಬರಿಗಲ್ಲದೆ ಯಾರಿಗೂ ತಿಳಿದಿರಲಿಲ್ಲ.

“ಈ ಮರಿಗಳ್ನ ಕಾಯ್ತಿದ್ದುದ್ನ ನಾನೇ ಇಡ್ಕಬುಟ್ಟೆ ಕಣ್ಲಾ,” ಎಂದರು ಅವರು. “ಮಗಳಿಗೆ ಬೇಕಾಗಿತ್ತು.”

ಚಿಕ್ಕಸ್ವಾಮಿ ನೀರನ್ನೂ ಅವರನ್ನೂ ನೋಡಿದ. ಮಗು ಹೇಗಿದೆಯೆಂದು ಕೇಳಿದ. ಬಳಿಕ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ.

“ಗದ್ದೆಗೆ ನೀರ್ ಬುಡೋ ಒತ್ತಾಯ್ತು, ಓಗು. ಬರೋಗಂಟ ನಾನ್ ನೋಡ್ಕತೀನಿ.”