ಗೂಳಿ ಕೊಟ್ಟು ಬಾವಿ ಕೊಂಡವಳು

ಹುಲಿಗೆಮ್ಮ ನಕ್ಕಿದ್ದನ್ನು ನಮ್ಮ ಬೀದಿಯವರು ಕಂಡಿದ್ದು ಬೇರೆಯವರು ಸೋತಾಗ ಮಾತ್ರ. ಶಿವನಿಯಿಂದ ಅಜ್ಜಂಪುರಕ್ಕೆ ಲಕ್ಕಣ್ಣನ ಹೆಂಡತಿಯಾಗಿ ಬಂದ ಮೊದಲ ವರ್ಷವೇ ಅತ್ತೆಯನ್ನೂ ಓರಗಿತ್ತಿ ಈರಕ್ಕನನ್ನೂ ಚೌಕಾಬಾರದಲ್ಲಿ ಸೋಲಿಸಿ, ಸೋತವರ ಮುಂದೆ ಕವಡೆ ಕುಲುಕಿಕೊಂಡು ಓಡಾಡಿದವಳು ಅವಳು. ಈರಕ್ಕ ಅಂದರೆ ಲಕ್ಕಣ್ಣನ ಅಣ್ಣ ತಿಮ್ಮರಾಯಪ್ಪನ ಹೆಂಡತಿ. ಮಾತು ಕಡಿಮೆ, ಮರೆಯುವುದು ಇನ್ನೂ ಕಡಿಮೆ.

ಅತ್ತೆ ಸತ್ತ ಮೇಲೆ ಮನೆ ಭಾಗವಾಯಿತು. ನಡುಮನೆಯಲ್ಲಿ ಗೋಡೆ ಎದ್ದಿತು. ಹಿತ್ತಲ ಬಾವಿ ಈರಕ್ಕನ ಪಾಲಿಗೆ ಹೋಯಿತು. ಹುಲಿಗೆಮ್ಮನೂ ನೀರು ಸೇದಿಕೊಳ್ಳಲಿ ಅಂತ ಹಿತ್ತಲ ಗೋಡೆಗೆ ಒಂದು ಬಾಗಿಲು ಇಟ್ಟರು. ಅದು ತೆರೆದಿದ್ದದ್ದು ಸ್ವಲ್ಪ ದಿನ ಅಷ್ಟೆ. ಈರಕ್ಕನ ಮಗಳನ್ನು ನೋಡಲು ಬೀರೂರಿನಿಂದ ಗಂಡಿನ ಕಡೆಯವರು ಬಂದಿದ್ದಾಗ, ಹುಲಿಗೆಮ್ಮ ಬಾವಿಕಟ್ಟೆಯ ಮೇಲೆ ನಿಂತು, ಒಳಗಿದ್ದವರಿಗೆಲ್ಲ ಕೇಳುವ ಹಾಗೆ, "ಹುಡುಗಿಗೆ ಒಲೆ ಹಚ್ಚಾಕೂ ಬರಲ್ಲ, ಯಾವ ಮನೆ ಹಾಳಾಗ್ತದೋ" ಅಂದಳು. ಸಂಬಂಧ ಮುರಿದುಬಿತ್ತು. ಅವತ್ತೇ ಈರಕ್ಕ ಬಾಗಿಲಿಗೆ ತನ್ನ ಕಡೆಯಿಂದ ಅಗಳಿ ಜಡಿದಳು. ಊರ ಹಿರೀಕರು ಎರಡು ಸಲ ಕೂತು ಹೇಳಿದರೂ ತೆಗೆಯಲಿಲ್ಲ. ಅಲ್ಲಿಂದ ಹುಲಿಗೆಮ್ಮ ಊರಾಚೆಯ ಸೇದೋ ಬಾವಿಯಿಂದ ನೀರು ಹೊರಬೇಕಾಯಿತು. ಬಿಂದಿಗೆ ಹೊತ್ತು ಈರಕ್ಕನ ಬಾಗಿಲ ಮುಂದೆ ಬಂದಾಗಲೆಲ್ಲ ಒಂದು ಶಾಪ ಹಾಕಿಯೇ ಮುಂದೆ ಹೋಗುತ್ತಿದ್ದಳು.

ಜಗಲಿಯ ಮೂಲೆಯಲ್ಲಿ ಒಂದು ಕೋಣೆ ಮಾತ್ರ ಭಾಗವಾಗದೆ ಉಳಿದಿತ್ತು. ಎಪ್ಪತ್ತರ ಸುಮಾರಿಗೆ ಅದಕ್ಕೆ ಒಬ್ಬ ಅಮೆರಿಕದ ಹುಡುಗ ಬಾಡಿಗೆಗೆ ಬಂದ. ರೈತರಿಗೆ ಕೋಳಿ ಸಾಕುವುದನ್ನು ಕಲಿಸುವ ಕೆಲಸ ಅವನದು. ಹೆಸರು ವಾಲ್ಟರ್, ನಮ್ಮ ಬಾಯಲ್ಲಿ ವಾಲ್ಟ್ರಯ್ಯ. ಬಂದ ವರ್ಷವೇ ಕಾಮಾಲೆ ಹಿಡಿದು ಮಲಗಿದ. ಇಬ್ಬರು ಓರಗಿತ್ತಿಯರೂ ಸರದಿ ಮೇಲೆ ಗಂಜಿ ಕೊಟ್ಟರು. ಒಬ್ಬಳು ಇದ್ದಾಗ ಇನ್ನೊಬ್ಬಳು ಆ ಕಡೆ ಸುಳಿಯುತ್ತಿರಲಿಲ್ಲ. ಮಲಗಿದಲ್ಲೇ ಬೇಜಾರು ಕಳೆಯಲು ಅವನು ಒಂದು ರಟ್ಟಿನ ಡಬ್ಬಿ ಬಿಚ್ಚಿಕೊಂಡು ಒಬ್ಬನೇ ಆಡುತ್ತಿದ್ದ. ಅವರ ಊರಿನ ಬೇಸ್‌ಬಾಲ್ ಆಟವಂತೆ, ಆದರೆ ಮೈದಾನವೂ ಬೇಡ, ಚೆಂಡೂ ಬೇಡ. ಒಂದೊಂದು ಚೀಟಿ ಒಬ್ಬೊಬ್ಬ ಆಟಗಾರ. ಎರಡು ದಾಳ ಉರುಳಿಸಿ, ಬಿದ್ದ ಅಂಕಿಯನ್ನು ಆ ಚೀಟಿಯಲ್ಲಿ ಹುಡುಕಿದರೆ ಅವನು ಚೆಂಡು ಹೊಡೆದನೋ, ಔಟಾದನೋ ಅಂತ ಬರೆದಿರುತ್ತದೆ. ಹೊಡೆದವನು ಮೂರು ಗೂಟ ಸುತ್ತಿ ಮನೆ ಮುಟ್ಟಬೇಕು.

"ಅಯ್ಯೋ, ಇದು ಚೌಕಾಬಾರ ಕಣಪ್ಪಾ," ಅಂದಳಂತೆ ಹುಲಿಗೆಮ್ಮ. "ಕಾಯಿ ಸುತ್ತಿ ಬಂದು ಹಣ್ಣಾಗಾದು." ಗಂಜಿ ಆರುವಷ್ಟರಲ್ಲಿ ಕಲಿತುಬಿಟ್ಟಳು. ಅಂಕಿ ಓದಲು ಅವಳಿಗೆ ಬರುತ್ತಿತ್ತು, ಉಳಿದದ್ದನ್ನು ಗುರುತಿಟ್ಟುಕೊಂಡಳು. ಸರದಿ ಮೇಲೆ ಬಂದ ಈರಕ್ಕನೂ ಸುಮ್ಮನೆ ಕೂತು ಕಲಿತಿದ್ದಳು ಅನ್ನುವುದು ಆಮೇಲೆ ಗೊತ್ತಾಯಿತು.

ಊರಿಗೆ ಹೊರಟ ದಿನ ವಾಲ್ಟ್ರಯ್ಯ ಜಗಲಿಯಲ್ಲಿ ನಿಂತು, ಡಬ್ಬಿಯನ್ನು ಮುಂದೆ ಚಾಚಿ, "ಇದು ನಿಮಗೆ" ಅಂದ. ಅವನು ಎಳೆ ಮಗುವಿಗೂ ನೀವು ಅನ್ನುತ್ತಿದ್ದವನು. ಆ ಬಾಗಿಲಲ್ಲಿ ಈರಕ್ಕ, ಈ ಬಾಗಿಲಲ್ಲಿ ಹುಲಿಗೆಮ್ಮ. ಯಾರಿಗೆ ಅಂದ ಅಂತ ಕೇಳುವ ಮುಂಚೆ ಬಸ್ಸು ಬಂತು.

"ನಂಗೆ ಕೊಟ್ಟಿದ್ದು," ಅಂದಳು ಹುಲಿಗೆಮ್ಮ.

"ನಿನ್ನ ಮುಖ ನೋಡಿದ್ನಾ ಅವ್ನು?"

ಡಬ್ಬಿಯನ್ನು ಎರಡೂ ಕಡೆಯಿಂದ ಎಳೆದು ಅದರ ಮೂಲೆ ಹರಿಯಿತು. ಎದುರುಮನೆಯಲ್ಲಿದ್ದ ಆಸ್ಪತ್ರೆ ನರ್ಸು ಸಾವಿತ್ರಮ್ಮ ಬಂದು ಬಿಡಿಸಿದರು. ತುಮಕೂರು ಕಡೆಯವರು, ಇಬ್ಬರಿಗೂ ನೆಂಟರಲ್ಲ, ಹಾಗಾಗಿ ಅವರ ಮಾತಿಗೆ ಇಬ್ಬರೂ ನಿಂತರು. ನೀಲಿ ಬೆನ್ನಿನ ಚೀಟಿಗಳ ತಂಡ ಈರಕ್ಕನಿಗೆ, ಕೆಂಪು ಬೆನ್ನಿನದು ಹುಲಿಗೆಮ್ಮನಿಗೆ, ದಾಳ ಮತ್ತು ನಿಯಮದ ಪುಸ್ತಕ ತಮ್ಮ ಹತ್ತಿರ ಅಂತ ಸಾವಿತ್ರಮ್ಮ ಪಾಲು ಮಾಡಿದರು. "ಆಡೋದಾದ್ರೆ ಇಬ್ರೂ ಸೇರಿ ಆಡ್ಬೇಕು, ಇಲ್ದಿದ್ರೆ ಒಲೆಗೆ ಹಾಕಿ" ಅಂದರು. ರಾಜಿಯಾಗುತ್ತಾರೆ ಅಂತ ಅವರ ಎಣಿಕೆ. ಆಗಲಿಲ್ಲ. ಉಗಾದಿಯಿಂದ ದೀಪಾವಳಿಯವರೆಗೆ ಭಾನುವಾರಕ್ಕೊಂದು ಆಟ, ಹೆಚ್ಚು ಗೆದ್ದವಳದೇ ಆ ವರ್ಷದ ಗೆಲುವು ಅಂತ ಒಪ್ಪಿಕೊಂಡಿದ್ದು ಒಬ್ಬಳನ್ನೊಬ್ಬಳು ಬೀದಿಯವರ ಮುಂದೆ ಕೆಡವಲು.

ಹುಲಿಗೆಮ್ಮ ತನ್ನ ತಂಡವನ್ನು ಸೊಸೆಯಂದಿರನ್ನು ಆಳುವ ಅತ್ತೆಯಂತೆ ಆಳಿದಳು. ಓಡುವವನಿಗೆ ಮೊಲ ಅಂತ ಹೆಸರು. ಎಡಗೈಯಲ್ಲಿ ಚೆಂಡು ಎಸೆಯುವವನು ಎಡಚ. ಬಾರಿಸಿದರೆ ಚೆಂಡು ಬೇಲಿ ದಾಟಿಸುವವನು ಗೂಳಿ. ಎರಡು ಭಾನುವಾರ ಸತತವಾಗಿ ಔಟಾದವನ ಚೀಟಿಯನ್ನು ಮಣೆಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಡುತ್ತಿದ್ದಳು. "ಬಿದ್ದಿರು ಅಲ್ಲೇ, ಬುದ್ಧಿ ಬರ್ಲಿ."

ಈರಕ್ಕ ಮೊದಲ ಆಟಗಳಲ್ಲಿ ಒಬ್ಬನೇ ಒಳ್ಳೆಯ ಎಸೆತಗಾರನನ್ನು ಪ್ರತಿ ವಾರವೂ ಇಳಿಸಿದಳು. ಹುಲಿಗೆಮ್ಮ ಜಗಳ ತೆಗೆದಳು. "ಉತ್ತ ಎತ್ನೂ ಮಾರನೇ ದಿನ ಬಿಚ್ತಾರೆ. ಇವ್ಳು ಮನುಷ್ಯನ್ನೇ ಬಿಚ್ಚಲ್ಲ. ಪುಸ್ತಕದಾಗೆ ಏನೈತೆ ನೋಡಿ ನರ್ಸಮ್ಮ." ಪುಸ್ತಕದಲ್ಲಿ ನಿಜಕ್ಕೂ ಹಾಗೇ ಇತ್ತು: ಒಂದು ಆಟ ಎಸೆದವನಿಗೆ ಮುಂದಿನ ಆಟಗಳಲ್ಲಿ ವಿರಾಮ. ಅಲ್ಲಿಂದ ಈರಕ್ಕ ಸೋತಳು, ಸೋಲುತ್ತಲೇ ಹೋದಳು. ಗೂಳಿ ಒಬ್ಬನೇ ಅವಳ ಹುಡುಗರ ಬೆನ್ನು ಮುರಿಯುತ್ತಿದ್ದ. ಪ್ರತಿ ಸಲ ಅವನ ಅಂಕಿ ಬಿದ್ದಾಗ ಹುಲಿಗೆಮ್ಮ ಜಗಲಿ ಕಂಬಕ್ಕೆ ಹೊಡೆದು, "ಬಿತ್ತು ನೋಡೇ, ನಿನ್ ಬಾವಿಗೇ ಬಿತ್ತು ಚೆಂಡು" ಅಂದು ನಗುತ್ತಿದ್ದಳು. ನೋಡಲು ಕೂತ ಹೆಂಗಸರೂ ನಗುತ್ತಿದ್ದರು. ಈರಕ್ಕ ನಗುತ್ತಿರಲಿಲ್ಲ.

ಮೇ ತಿಂಗಳ ಬಿಸಿಲು ಏರಿತು. ಊರಾಚೆಯ ಬಾವಿಯಲ್ಲಿ ಹಗ್ಗ ಸಾಲದಷ್ಟು ನೀರು ಕೆಳಗಿಳಿಯಿತು. ಹುಲಿಗೆಮ್ಮನ ನೆತ್ತಿ ಸಿಂಬಿಯ ಕೆಳಗೆ ಹುಣ್ಣಾಗಿತ್ತು. ಒಂದು ಭಾನುವಾರ ಆಟ ಮುಗಿದ ಮೇಲೆ ಈರಕ್ಕ ಎದ್ದು ಹೋಗದೆ ಕೂತಳು. ಹುಲಿಗೆಮ್ಮನ ಕಡೆ ನೋಡದೆ ಸಾವಿತ್ರಮ್ಮನಿಗೆ ಹೇಳಿದಳು:

"ಚೀಟಿ ಬದಲಾಯಿಸ್ಕಬೌದು ಅಂತ ಪುಸ್ತಕದಾಗೆ ಐತಾ?"

"ಇದೆ. ಇಬ್ರೂ ಒಪ್ಪಿದ್ರೆ ಆಟಗಾರನ್ನ ಕೊಟ್ಟು ತಗೋಬಹುದು."

"ಹಂಗಾದ್ರೆ ಗೂಳಿ ನಂಗೆ ಬೇಕು."

ಹುಲಿಗೆಮ್ಮ ಉಗಿದಳು. "ನಿನ್ ಹತ್ರ ಅವನಿಗೆ ಸಮ ಯಾವನವ್ನೆ? ಯಾವನೂ ಬೇಡ." ನೆತ್ತಿ ಮುಟ್ಟಿಕೊಂಡು ಅಂದಳು, "ಹಿತ್ಲ ಬಾಗ್ಲು ತೆಗಿ."

ಈರಕ್ಕ ಯೋಚಿಸಿ, "ಈ ವರ್ಷದ ಆಟ ಮುಗಿಯೋಗಂಟ" ಅಂದಳು.

"ಕೊನೇ ಆಟ ಆಡೋಗಂಟ ಅನ್ನು. ಊರಮ್ಮನ ಮೇಲೆ ಆಣೆ ಇಡು."

ಈರಕ್ಕ ಆಣೆ ಇಟ್ಟಳು. ಹಿರೀಕರಿಂದ ಆಗದಿದ್ದುದು ಒಂದು ರಟ್ಟಿನ ತುಂಡಿನಿಂದ ಆಯಿತು. ಸಂಜೆಗೆ ಅಗಳಿ ಸರಿಯಿತು. ಹುಲಿಗೆಮ್ಮ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಗೆದ್ದ ದಳವಾಯಿಯ ಹಾಗೆ ಒಳಗೆ ಹೋದಳು. ಈರಕ್ಕ ಬಾವಿಕಟ್ಟೆಯ ಹಗ್ಗ, ರಾಟೆ ಎರಡನ್ನೂ ಬಿಚ್ಚಿಕೊಂಡು ಒಳಗಿಟ್ಟಿದ್ದಳು. "ಬಾಗ್ಲು ತೆಗಿತೀನಿ ಅಂದಿದ್ದೆ. ಹಗ್ಗ ಕೊಡ್ತೀನಿ ಅಂದಿರ್ಲಿಲ್ಲ." ಹುಲಿಗೆಮ್ಮ ತನ್ನದೇ ಹಗ್ಗ ತಂದಳು.

ಗೂಳಿ ಹೋದ ಮೇಲೆ ಅವಳ ತಂಡ ಕುಸಿಯಿತು. ಎಡಚನನ್ನು ಜಾಣತನದಿಂದ ಇಳಿಸಿ, ಮೊಲನನ್ನು ಓಡಿಸಿ ಅಲ್ಲೊಂದು ಇಲ್ಲೊಂದು ಆಟ ಉಳಿಸಿಕೊಂಡಳು. ಆದರೂ ಮಳೆಗಾಲದುದ್ದಕ್ಕೂ ಈರಕ್ಕ ಬೆನ್ನಟ್ಟಿ ಬಂದಳು. ದೀಪಾವಳಿಯ ಹೊತ್ತಿಗೆ ಇಬ್ಬರೂ ಸಮ. ಉಳಿದದ್ದು ಒಂದೇ ಆಟ.

ಆ ಭಾನುವಾರ ಹುಲಿಗೆಮ್ಮ, "ನಂಗೆ ಮೈ ಸರಿ ಇಲ್ಲ" ಅಂದಳು.

ಮುಂದಿನ ವಾರ ದಾಯಾದಿಗಳ ಸೂತಕ. ಆಮೇಲೆ ರಾಗಿ ಕೊಯ್ಲು. ಆಮೇಲೆ ಕಣ್ಣು ನೋವು. ಅರ್ಥವಾಗಲು ಈರಕ್ಕನಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಕೊನೇ ಆಟ ಆಡದಿದ್ದರೆ ಬಾಗಿಲು ಹಾಕುವ ಹಾಗಿಲ್ಲ. ಆಣೆ ಮುರಿಯಲು ಅವಳಿಗೆ ಧೈರ್ಯವಿಲ್ಲ. ಅವಳು ಬಾವಿ ದಾರಿಯಲ್ಲಿ ಒದೆಯುವ ಎಮ್ಮೆ ಕಟ್ಟಿದಳು. ಹುಲಿಗೆಮ್ಮ ಕೋಲು ಹಿಡಿದು ಬಂದಳು. ದಾರಿಗೆ ಜಾಲಿಮುಳ್ಳು ಬಿತ್ತು. ಹುಲಿಗೆಮ್ಮ ಅದನ್ನೇ ಹೊತ್ತೊಯ್ದು ಒಲೆ ಉರಿಸಿ, "ಸೌದೆ ಚೆನ್ನಾಗೈತೆ, ಇನ್ನೊಂದೀಟು ಹಾಕು" ಅಂದಳು.

ಲಕ್ಕಣ್ಣ ಬೇಡಿಕೊಂಡ. "ಆಡಿ ಮುಗ್ಸೇ ಮಾರಾಯ್ತಿ. ನಾನೂ ನಮ್ಮಣ್ಣನೂ ಗದ್ದೇಲಿ ಮುಖ ನೋಡದಂಗಾಗೈತೆ."

"ನೀರು ನೀನು ಹೊರ್ತೀಯಾ?"

ಸಾವಿತ್ರಮ್ಮನಿಗೆ ಕಡೂರಿಗೆ ವರ್ಗವಾಯಿತು. ದಾಳ ಅವರ ಜೊತೆಗೇ ಹೋಯಿತು. "ನರ್ಸಮ್ಮ ಇಲ್ದೆ ಆಡಲ್ಲ" ಅನ್ನುವುದು ಹುಲಿಗೆಮ್ಮನಿಗೆ ಕೊನೆಯಿಲ್ಲದ ನೆಪವಾಯಿತು. ಒಂದು ವರ್ಷ ಈರಕ್ಕ ತಾನೇ ಬೀರೂರಿಗೆ ರೈಲು ಹತ್ತಿ, ಅಲ್ಲಿಂದ ಕಡೂರಿಗೆ ಹೋಗಿ ಸಾವಿತ್ರಮ್ಮನನ್ನು ಕರೆತಂದಳು. ಅವರು ಸ್ಟೇಷನ್ನಿನಲ್ಲಿ ಇಳಿದ ಸುದ್ದಿ ಕೇಳಿದ್ದೇ ಹುಲಿಗೆಮ್ಮ ಸೀರೆ ಗಂಟು ಕಟ್ಟಿಕೊಂಡು ಶಿವನಿಯ ತವರಿಗೆ ಹೊರಟಳು. ಸಾವಿತ್ರಮ್ಮ ಮರಳಿದ ಮೇಲೆ ಬಂದು, ಮೊದಲು ಮಾಡಿದ ಕೆಲಸ ಬಾವಿಯಲ್ಲಿ ನೀರು ಸೇದಿದ್ದು.

ಹೀಗೆ ಹತ್ತು ವರ್ಷದ ಮೇಲಾಯಿತು. ಈರಕ್ಕನ ಮಗಳಿಗೆ ತರೀಕೆರೆಯಲ್ಲಿ ಮದುವೆಯಾಗಿ ಮಕ್ಕಳಾದವು. ಹುಲಿಗೆಮ್ಮನ ತಲೆ ನೆರೆಯಿತು. ಎಂಬತ್ಮೂರರಲ್ಲಿ ಸರ್ಕಾರದವರು ನಮ್ಮ ಬೀದಿಗೆ ಬೋರಿಂಗು ಕೊರೆದು ಕೈಪಂಪು ಕೂರಿಸಿದರು. ಅದೂ ಹುಲಿಗೆಮ್ಮನ ಬಾಗಿಲಿಗೆ ಅಂಟಿದ ಹಾಗೆ. ಅವಳು ಪಂಪು ಹೊಡೆದು ಸಿಹಿನೀರು ಬಾಯಿಗೆ ಹಾಕಿಕೊಂಡು, ಬಾಯಿ ಒರೆಸಿಕೊಂಡು, ನೇರ ಈರಕ್ಕನ ಹೊಸಿಲಿಗೆ ಹೋಗಿ ನಿಂತಳು.

"ನರ್ಸಮ್ಮನ್ನ ಕರ್ಸು. ಮುಗ್ಸಾಣ."

ನಿವೃತ್ತಿಯಾಗಿ ಕಡೂರಿನಲ್ಲೇ ಉಳಿದಿದ್ದ ಸಾವಿತ್ರಮ್ಮ ಕನ್ನಡಕ ಹಾಕಿಕೊಂಡು ಬಂದರು. ಬೀದಿಗೆ ಬೀದಿಯೇ ಜಗಲಿಯ ಸುತ್ತ ನೆರೆಯಿತು. ಹುಲಿಗೆಮ್ಮ ಅವತ್ತು ಆಡಿದಷ್ಟು ಚೆನ್ನಾಗಿ ಯಾವತ್ತೂ ಆಡಿರಲಿಲ್ಲ. ಮಣೆಯ ಕೆಳಗಿಟ್ಟಿದ್ದವರನ್ನೆಲ್ಲ ಹೊರಗೆ ತೆಗೆದು ಸರಿಯಾದ ಹೊತ್ತಿಗೆ ಇಳಿಸಿದಳು. ಕೊನೆಯ ಸುತ್ತಿಗೆ, ಮನೆ ಮುಟ್ಟಿದವರ ಲೆಕ್ಕದಲ್ಲಿ, ಅವಳದು ಒಂದು ಹಣ್ಣು ಮುಂದೆ. ಈರಕ್ಕನ ಇಬ್ಬರು ಗೂಟದ ಮೇಲೆ ನಿಂತಿದ್ದರು. ಇನ್ನೊಬ್ಬ ಔಟಾದರೆ ಆಟ ಹುಲಿಗೆಮ್ಮನದು. ಈರಕ್ಕ ಗೂಳಿಯ ಚೀಟಿ ಇಟ್ಟಳು.

ಸಾವಿತ್ರಮ್ಮ ಹೇಳಿದರು, "ಹುಲಿಗೆಮ್ಮ, ನಿಯಮ ನೆನಪಿದೆಯಲ್ಲ? ಬೇಕಂತಲೇ ಚೆಂಡು ದೂರ ಎಸೆದು, ಅವನಿಗೆ ಹೊಡೆಯೋಕೇ ಬಿಡದೆ ಮೊದಲ ಗೂಟಕ್ಕೆ ಕಳಿಸಬಹುದು. ಹಿಂದೆ ಬರೋನು ಬಡಪಾಯಿ."

"ಪುಕ್ಕಟೆ ದಾರಿ ಬಿಡಾದಾ?"

"ಅದೇ ಜಾಣತನ."

ಲಕ್ಕಣ್ಣ ಹಿಂದಿನಿಂದ, "ಬಿಡೇ, ಬಿಡೇ" ಅಂದ. ಹುಲಿಗೆಮ್ಮ ಅವನನ್ನು ಸುಡುವ ಹಾಗೆ ನೋಡಿದಳು. "ನಾನು ಸಾಕಿದೋನಿಗೆ, ಇವ್ಳ ಕಣ್ಮುಂದೆ, ನಾನು ದಾರಿ ಬಿಡ್ಲಾ? ಉರುಳಿಸೇ ದಾಳನ."

ಈರಕ್ಕ ಉರುಳಿಸಿದಳು. ಸಾವಿತ್ರಮ್ಮ ಚೀಟಿಯ ಮೇಲೆ ಬೆರಳಿಟ್ಟು, ಎರಡು ಸಲ ನೋಡಿ, "ಬೇಲಿ ದಾಟಿತು. ಗೂಟದ ಮೇಲಿದ್ದ ಇಬ್ರೂ, ಗೂಳಿನೂ ಮನೆ ಮುಟ್ಟಿದ್ರು" ಅಂದರು.

ಈರಕ್ಕ ನಕ್ಕಿದ್ದನ್ನು ನಮ್ಮ ಬೀದಿ ಆಗ ಕಂಡಿತು. ಗಟ್ಟಿಯಾಗೇನಲ್ಲ. ಎದ್ದು ಸೀರೆ ಒದರಿಕೊಂಡು, ಒಳಗೆ ಹೋದಳು. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದ ಸದ್ದು ಜಗಲಿಗೆ ಕೇಳಿಸಿತು. ಹುಲಿಗೆಮ್ಮ ದಾಳಕ್ಕೆ ಬೈದಳು, ಸಾವಿತ್ರಮ್ಮನ ಕಣ್ಣಿಗೆ ಬೈದಳು, ಗಂಡ ಬಾಯಿ ಹಾಕಿದ್ದಕ್ಕೇ ಹೀಗಾಯಿತು ಅಂದಳು. ಮರುವಾರವೇ, "ಹೊಸ ವರ್ಷದ ಆಟ ಶುರು ಮಾಡಾಣ" ಅಂತ ಹೇಳಿಕಳಿಸಿದಳು.

"ನಂದು ಆಯ್ತು. ಇನ್ನು ಆಡಲ್ಲ" ಅಂತ ಉತ್ತರ ಬಂತು. ಅಷ್ಟಕ್ಕೆ ಬಿಡದೆ ಈರಕ್ಕ ಗೂಳಿಯ ಚೀಟಿಗೆ ಕಟ್ಟು ಹಾಕಿಸಿ, ಜಗಲಿಯ ಗೋಡೆಗೆ ತೂಗುಹಾಕಿದಳು. ಹುಲಿಗೆಮ್ಮ ಬಾಗಿಲು ತೆರೆದರೆ ಕಣ್ಣಿಗೆ ಹೊಡೆಯುವುದು ಅದೇ. ಸಾವಿತ್ರಮ್ಮ ಬಿಟ್ಟುಹೋದ ದಾಳವಿದ್ದರೂ ಎದುರಾಳಿಯಿಲ್ಲದೆ ಅವಳು ಕೆಂಪು ಚೀಟಿಗಳನ್ನು ಹರಡಿಕೊಂಡು ಕೂತು, ಮತ್ತೆ ಕಟ್ಟಿಡುತ್ತಿದ್ದಳು. ಆ ಕೋಪವನ್ನೆಲ್ಲ ಪಂಪಿನ ಸಾಲಿನಲ್ಲಿ ನಿಂತವರ ಮೇಲೆ ತೀರಿಸಿಕೊಂಡಳು. ಯಾರು ಮೊದಲು, ಯಾರು ಆಮೇಲೆ, ಯಾರಿಗೆ ಎಷ್ಟು ಬಿಂದಿಗೆ ಎಲ್ಲ ಅವಳೇ ಹೇಳಬೇಕು. ಬೀದಿಯವರು ಗೊಣಗಿಕೊಂಡೇ ಕೇಳಿದರು.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಈರಕ್ಕನ ಬಾವಿ ಕೆಸರಾಯಿತು. ಬೆಳಿಗ್ಗೆ ಅವಳು ಬಿಂದಿಗೆ ಹಿಡಿದು ಪಂಪಿನ ಸಾಲಿನ ಕೊನೆಯಲ್ಲಿ ಬಂದು ನಿಂತಳು. ಸರದಿ ಬಂದಾಗ ಹುಲಿಗೆಮ್ಮ ಪಂಪಿನ ಹಿಡಿಯ ಮೇಲೆ ಕೈ ಇಟ್ಟಳು.

"ಗೂಳಿನ ವಾಪಸ್ ಕೊಡು. ನಾನೇ ಹೊಡೆದು ತುಂಬಿಸ್ತೀನಿ, ದಿನಾ."

ಈರಕ್ಕ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡಳು. "ನಾಲಿಗೆ ಒಣಗಿ ಸತ್ತೇನು ಕಣೇ ಹುಲಿಗಿ, ಅವನ್ನ ಕೊಡಲ್ಲ."

ಬಿಸಿಲಲ್ಲಿ ಊರಾಚೆಯ ಬಾವಿಯ ಕಡೆ ನಡೆದಳು. ಹುಲಿಗೆಮ್ಮ, "ಹೋಗು, ಹೋಗು, ನೆತ್ತಿ ಹುಣ್ಣಾಗ್ಲಿ" ಅಂತ ಕೂಗಿ, ಹಿಂದಿದ್ದವಳ ಕಡೆ ತಿರುಗಿ, "ನೀನೇನ್ ನೋಡ್ತಾ ನಿಂತೆ, ಇಡು ಬಿಂದಿಗೆ" ಅಂದಳು.